ಹಿತ್ತಲಿನ ಹಕ್ಕಿಗೆ ಯಾವ ಸೂಪರ್‌ಜೂಮ್? ಮೊದಲು ಅಳತೆಯ ಟೇಪು ತೆಗೆದುಕೊಳ್ಳಿ

ನಿಕಾನ್ ಪಿ950, ಪಿ1000, ಕ್ಯಾನನ್ ಎಸ್‌ಎಕ್ಸ್70, ಸೋನಿ ಆರ್‌ಎಕ್ಸ್10 ಮಾರ್ಕ್ 4. ಈ ನಾಲ್ಕು ಸೂಪರ್‌ಜೂಮ್‌ಗಳಲ್ಲಿ (ಲೆನ್ಸ್ ಬದಲಿಸದೆಯೇ ದೂರದ್ದನ್ನು ತುಂಬ ಹತ್ತಿರ ತರುವ ಕ್ಯಾಮೆರಾಗಳಲ್ಲಿ) ಹಿತ್ತಲಿನ ಹಕ್ಕಿಗೆ ಯಾವುದು, ಜೂಮ್ ಹೆಚ್ಚಿದ್ದಷ್ಟೂ ಒಳ್ಳೆಯದು ತಾನೇ ಎಂದು ಕೇಳಿದ್ದೀರಿ. ಆ ‘ತಾನೇ’ ಓದಿ ನಗು ಬಂತು. ನಾನು ಕೊಂಡದ್ದೂ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿಯೇ. ಯಾವ ಮಾಡೆಲ್ ಎಂಬುದು ಬೇಡ ಬಿಡಿ, ಅಳತೆ ಮಾಡದ ತಪ್ಪು ನನ್ನದು.

ಕಿಟಕಿಯಿಂದ ಕಾಳಿನ ತಟ್ಟೆಗೆ ನಾಲ್ಕು ಮೀಟರ್. ತಟ್ಟೆಯ ಅಂಚಿನಲ್ಲಿ ಗುಬ್ಬಿ. ಜೂಮನ್ನು ತುದಿಯವರೆಗೆ ಎಳೆದು ಷಟರ್ ಅರ್ಧ ಒತ್ತಿದರೆ ಲೆನ್ಸು ಹಿಂದೆ ಮುಂದೆ ಓಡಾಡಿ ಕೊನೆಗೆ ಫೋಕಸ್ ಆಯಿತು ಎನ್ನುವ ಹಸಿರು ಚೌಕ ತೋರಿಸುತ್ತಿತ್ತು. ಚಿತ್ರ ದೊಡ್ಡದು ಮಾಡಿ ನೋಡಿದರೆ ಗುಬ್ಬಿ ಕಂದು ಬಣ್ಣದ ಹತ್ತಿಯುಂಡೆ. ಅದರ ಹಿಂದಿನ ಬೇಲಿತಂತಿಯ ತುಕ್ಕು ಮಾತ್ರ ಹುಡಿ ಹುಡಿ ಎಣಿಸುವಷ್ಟು ಸ್ಪಷ್ಟ. ಕೈ ನಡುಗಿರಬೇಕು ಎಂದುಕೊಂಡು ಟ್ರೈಪಾಡ್ ಹಾಕಿದೆ. ಷಟರ್ ವೇಗವನ್ನು 1/250 ಸೆಕೆಂಡಿನಿಂದ 1/1000ಕ್ಕೆ ಏರಿಸಿದೆ. ಹತ್ತಿಯುಂಡೆ ಹತ್ತಿಯುಂಡೆಯಾಗಿಯೇ ಉಳಿಯಿತು.

ಕೈಪಿಡಿಯ ಕೊನೆಯಲ್ಲಿರುವ ತಾಂತ್ರಿಕ ಪಟ್ಟಿಯಲ್ಲಿ ‘ಫೋಕಸ್ ವ್ಯಾಪ್ತಿ’ ಎಂಬ ಒಂದು ಸಾಲಿರುತ್ತದೆ. ಯಾರೂ ಓದುವುದಿಲ್ಲ. ತುದಿ ಜೂಮ್‌ನಲ್ಲಿ ಪಿ1000 ಸುಮಾರು 7 ಮೀಟರಿಗಿಂತ ಹತ್ತಿರದ್ದನ್ನು ಫೋಕಸ್ ಮಾಡಲಾರದು. ಪಿ950ಕ್ಕೆ ಈ ಮಿತಿ ಸುಮಾರು 5 ಮೀಟರ್. ಆರ್‌ಎಕ್ಸ್10 ಮಾರ್ಕ್ 4 ತನ್ನ ತುದಿಯಲ್ಲೂ 72 ಸೆಂ.ಮೀ. ತನಕ ಬರುತ್ತದೆ. ಅಂದರೆ ನಾಲ್ಕು ಮೀಟರ್ ದೂರದ ಗುಬ್ಬಿಗೆ ಮೊದಲಿನ ಎರಡೂ ಕ್ಯಾಮೆರಾಗಳ ತುದಿ ಜೂಮ್ ಇದ್ದೂ ಇಲ್ಲದ ಹಾಗೆ.

ಇದು ತಯಾರಿಕೆಯ ದೋಷವೇನಲ್ಲ. ವಸ್ತು ಹತ್ತಿರ ಬಂದಷ್ಟೂ ಲೆನ್ಸು ಸೆನ್ಸರಿನಿಂದ (ಚಿತ್ರ ಹಿಡಿಯುವ ಚಿಪ್‌ನಿಂದ) ದೂರ ಸರಿಯಬೇಕು. ಎಷ್ಟು ಸರಿಯಬೇಕು ಎಂಬುದು ಫೋಕಲ್ ಲೆಂಗ್ತಿನ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬುದರ ಮಿ.ಮೀ. ಅಳತೆಯ) ವರ್ಗದ ಲೆಕ್ಕದಲ್ಲಿ ಏರುತ್ತದೆ. ಪಿ1000ದ 3000 ಮಿ.ಮೀ. ಎನ್ನುವುದು ಫುಲ್‌ಫ್ರೇಮ್‌ಗೆ (36 ಮಿ.ಮೀ. ಅಗಲದ ಸೆನ್ಸರಿಗೆ) ಹೋಲಿಸಿ ಹೇಳುವ ‘ಸಮಾನ’ ಸಂಖ್ಯೆ. ಲೆನ್ಸಿನ ನಿಜವಾದ ತುದಿ 539 ಮಿ.ಮೀ. ಒಂದೇ ಮಸೂರ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 7 ಮೀಟರಿಗೆ ಫೋಕಸ್ ಆಗಲು ಅದು ಸುಮಾರು 45 ಮಿ.ಮೀ. ಮುಂದೆ ಬರಬೇಕು, 4 ಮೀಟರಿಗೆ ಸುಮಾರು 84 ಮಿ.ಮೀ. ನಿಜವಾದ ಲೆನ್ಸಿನಲ್ಲಿ ಒಳಗಿನ ಗಾಜಿನ ಗುಂಪುಗಳು ಸರಿದಾಡುವ ರೀತಿ ಬೇರೆ, ಆದರೂ ಅಷ್ಟು ಓಡಾಟಕ್ಕೆ ಆ ಕೊಳವೆಯೊಳಗೆ ಜಾಗವಿಲ್ಲ ಎಂಬುದಂತೂ ನಿಜ. ಹಕ್ಕಿ ಸಿಗದಾಗ ಕ್ಯಾಮೆರಾ ಸುಮ್ಮನಿರುವುದಿಲ್ಲ, ಹಿಂದೆ ಸಿಕ್ಕಿದ ತಂತಿಗೋ ಎಲೆಗೋ ಅಂಟಿಕೊಂಡು ಹಸಿರು ಚೌಕ ತೋರಿಸಿಬಿಡುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದು ಆ ಚೌಕವೇ.

ಜೂಮ್ ಸ್ವಲ್ಪ ಹಿಂದಕ್ಕೆ ತಂದರೆ ಆಯಿತಲ್ಲ ಎನ್ನುತ್ತೀರಿ. ಆಗುತ್ತದೆ, ನಾನೂ ಹಾಗೆಯೇ ಮಾಡಿದೆ. ಆದರೆ ಅಸಲು ನಷ್ಟ ಇರುವುದೇ ಅಲ್ಲಿ. ನಿಜವಾದ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ, ಬೆಳಕು ಒಳಬರುವ ಕಂಡಿಯ ಅಗಲ ಸಿಗುತ್ತದೆ. ಆರ್‌ಎಕ್ಸ್10 ಮಾರ್ಕ್ 4ರಲ್ಲಿ 220 ಮಿ.ಮೀ., ಎಫ್/4: ಕಂಡಿ 55 ಮಿ.ಮೀ. ಪಿ950ರಲ್ಲಿ 357 ಮಿ.ಮೀ., ಎಫ್/6.5: ಅದೂ 55 ಮಿ.ಮೀ. ಪಿ1000ದಲ್ಲಿ 67, ಎಸ್‌ಎಕ್ಸ್70ರಲ್ಲಿ 38. ತುದಿಯಲ್ಲಿಟ್ಟು ದೂರದ ಹಕ್ಕಿಗೆ ಹಿಡಿದಾಗ ಪಿ950 ಮತ್ತು ಆರ್‌ಎಕ್ಸ್10 ಎರಡೂ ಆ ಹಕ್ಕಿಯಿಂದ ಸರಿಸುಮಾರು ಒಂದೇ ಪ್ರಮಾಣದ ಬೆಳಕು ಹಿಡಿಯುತ್ತವೆ, ಪಿ950 ಅದನ್ನು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಅಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ. ಆದರೆ ಹಕ್ಕಿ ಹತ್ತಿರವಿದೆ ಎಂದು ಪಿ950ನ್ನು 600 ಮಿ.ಮೀ. ಸಮಾನಕ್ಕೆ, ಅಂದರೆ ಆರ್‌ಎಕ್ಸ್10ರ ತುದಿಗೆ ಸರಿಯಾಗಿ, ಹಿಂದೆ ತಂದಾಗ ನಿಜವಾದ ಫೋಕಲ್ ಲೆಂಗ್ತು 107 ಮಿ.ಮೀ.ಗೆ ಇಳಿಯುತ್ತದೆ. ಎಫ್/5 ಎಂದುಕೊಂಡರೂ ಕಂಡಿ 21 ಮಿ.ಮೀ. ಅಷ್ಟೇ. ಬೆಳಕು ಕಂಡಿಯ ವಿಸ್ತೀರ್ಣದ ಲೆಕ್ಕ. ಅದೇ ಹಕ್ಕಿಯಿಂದ, ಅದೇ ಫ್ರೇಮಿನಲ್ಲಿ, ಆರ್‌ಎಕ್ಸ್10 ಆರೂವರೆ ಪಟ್ಟು ಹೆಚ್ಚು ಬೆಳಕು ತೆಗೆದುಕೊಳ್ಳುತ್ತದೆ. ಮೋಡದ ಬೆಳಗಿನಲ್ಲಿ ಇದು ಐಎಸ್‌ಒ (ಬೆಳಕು ಸಾಲದಾಗ ಏರಿಸುವ ಸಂವೇದನೆಯ ಅಂಕಿ, ಏರಿದಷ್ಟೂ ಚಿತ್ರ ಒರಟು) 200ಕ್ಕೂ 1250ಕ್ಕೂ ಇರುವ ವ್ಯತ್ಯಾಸ. ದೂರಕ್ಕೆಂದು ಮಾಡಿದ ಲೆನ್ಸನ್ನು ಕೊಂಡು ಹತ್ತಿರಕ್ಕೆ ಬಳಸಿದರೆ ಆ ದೂರಕ್ಕೆ ಕೊಟ್ಟ ಬೆಲೆಯೂ ಹೋಯಿತು, ಬೆಳಕೂ ಹೋಯಿತು.

ಆದ್ದರಿಂದ ನಾಲ್ಕರಲ್ಲಿ ಯಾವುದು ಎಂಬ ಪ್ರಶ್ನೆಗೆ ಮುಂಚೆ ಟೇಪು ಹಿಡಿದು ಹೋಗಿ. ನೀವು ಕೂರುವ ಜಾಗದಿಂದ ಹಕ್ಕಿ ಕೂರುವ ಜಾಗಕ್ಕೆ ಎಷ್ಟು ಮೀಟರ್ ಎಂದು ಅಳೆಯಿರಿ. ಆ ಮೀಟರನ್ನು 36ರಿಂದ ಗುಣಿಸಿ, ಸಮಾನ ಫೋಕಲ್ ಲೆಂಗ್ತಿನಿಂದ ಭಾಗಿಸಿ. ಬರುವುದು ಫ್ರೇಮಿನೊಳಗೆ ಹಿಡಿಸುವ ಅಗಲ, ಮೀಟರ್‌ನಲ್ಲಿ. 5 ಮೀಟರಿಗೆ 600 ಮಿ.ಮೀ. ಇದ್ದರೆ 30 ಸೆಂ.ಮೀ. ಗುಬ್ಬಿ ಸುಮಾರು 15 ಸೆಂ.ಮೀ., ಅಂದರೆ ಅರ್ಧ ಫ್ರೇಮ್ ತುಂಬಿತು. ಅಲ್ಲೇ 1365 ಮಿ.ಮೀ. (ಎಸ್‌ಎಕ್ಸ್70ರ ತುದಿ) ಇದ್ದರೆ 13 ಸೆಂ.ಮೀ., ಬಾಲ ಹೊರಗೆ. 2000 ಮಿ.ಮೀ. (ಪಿ950ರ ತುದಿ) ಇದ್ದರೆ 9 ಸೆಂ.ಮೀ., ತಲೆ ಮತ್ತು ಎದೆ ಅಷ್ಟೇ. 3000 ಮಿ.ಮೀ. ಎಂದರೆ 6 ಸೆಂ.ಮೀ., ಅದೂ ಫೋಕಸ್ ಆದರೆ.

ಹತ್ತು ಮೀಟರಿಗೆ 600 ಮಿ.ಮೀ. ಹಿಡಿದರೆ ಗುಬ್ಬಿ ಫ್ರೇಮಿನ ಕಾಲುಭಾಗ. 20 ಮೆಗಾಪಿಕ್ಸೆಲ್ ಚಿತ್ರದ ಅಗಲ 5472 ಪಿಕ್ಸೆಲ್, ಅದರಲ್ಲಿ ಹಕ್ಕಿಗೆ 1360ರಷ್ಟು ಸಿಗುತ್ತದೆ. ಕತ್ತರಿಸಿಕೊಂಡರೂ ಚೆನ್ನಾಗಿರುತ್ತದೆ. ಇಪ್ಪತ್ತು ಮೀಟರಿಗೆ ಹೋದರೆ ಅರ್ಧವಾಗಿ 680ಕ್ಕೆ ಇಳಿಯುತ್ತದೆ, ಅಲ್ಲಿ 600 ಸಾಲದು. ನನ್ನ ಗೆರೆ ಹನ್ನೆರಡು ಮೀಟರಿನ ಆಸುಪಾಸಿನಲ್ಲಿದೆ. ಅದರೊಳಗಾದರೆ ಒಂದಿಂಚಿನ ಸೆನ್ಸರಿನ ಆರ್‌ಎಕ್ಸ್10 ಮಾರ್ಕ್ 4. ಅದರಾಚೆ ಮಾತ್ರವಾದರೆ ಪಿ950. ಪಿ1000ವನ್ನು ಹಿತ್ತಲಿಗೆಂದು ನಾನು ಯಾರಿಗೂ ಹೇಳುವುದಿಲ್ಲ. 1.4 ಕೆ.ಜಿ. ತೂಕ, ತುದಿಯಲ್ಲಿ ಎಫ್/8, ಚಂದ್ರನಿಗೂ ಕೆರೆಯಾಚೆಯ ಕೊಕ್ಕರೆಗೂ ಭರ್ಜರಿ, ಕಾಳಿನ ತಟ್ಟೆಗೆ ವ್ಯರ್ಥ. ಎಸ್‌ಎಕ್ಸ್70 ಸುಮಾರು 610 ಗ್ರಾಂ, ಕುತ್ತಿಗೆಗೆ ಹಾಕಿಕೊಂಡು ಅಡ್ಡಾಡುವವರಿಗೆ ಸರಿ. ಆದರೆ 38 ಮಿ.ಮೀ. ಕಂಡಿಯಿಂದ ನೆರಳಿನಲ್ಲಿ ಪವಾಡ ನಿರೀಕ್ಷಿಸಬೇಡಿ.

ಸೆನ್ಸರಿನ ಗಾತ್ರದ ಬಗ್ಗೆ ಎರಡು ಮಾತು. ಪಿ950, ಪಿ1000, ಎಸ್‌ಎಕ್ಸ್70ರಲ್ಲಿರುವ 1/2.3 ಇಂಚು ಎಂದರೆ 6.17 x 4.55 ಮಿ.ಮೀ., ಒಂದಿಂಚು ಎಂದರೆ 13.2 x 8.8. ವಿಸ್ತೀರ್ಣ ನಾಲ್ಕು ಪಟ್ಟು. ಚಿಕ್ಕದರಲ್ಲಿ ಐಎಸ್‌ಒ 400 ದಾಟಿದರೆ ಎದೆಯ ಗರಿಗಳು ಜಲವರ್ಣದ ಹಾಗೆ ಕಲಸಿಹೋಗತೊಡಗುತ್ತವೆ, 800 ಕೊನೆ. ದೊಡ್ಡದರಲ್ಲಿ 1600ರವರೆಗೆ ಧೈರ್ಯವಾಗಿ ಹೋಗಬಹುದು.

ಹಳೆಯದನ್ನು ಕೊಳ್ಳುವುದಾದರೆ: 2015ರ ಪಿ900ರಲ್ಲಿ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಫೈಲ್) ಇಲ್ಲ, ಪಿ950ರಲ್ಲಿ ಇದೆ. ಆರ್‌ಎಕ್ಸ್10 ಮಾರ್ಕ್ 3ಕ್ಕೂ ಮಾರ್ಕ್ 4ಕ್ಕೂ ಲೆನ್ಸ್ ಒಂದೇ, ಆದರೆ ಬೇಗ ಹಿಡಿಯುವ ಫೇಸ್ ಡಿಟೆಕ್ಷನ್ ಫೋಕಸ್ ಬಂದದ್ದು 2017ರ ಮಾರ್ಕ್ 4ರಲ್ಲಿ. ಹಾರಿಬಂದು ಕೂರುವ ಹಕ್ಕಿಗೆ ಈ ವ್ಯತ್ಯಾಸ ದೊಡ್ಡದು. 2025ರ ಪಿ1100ರಲ್ಲಿ ಪಿ1000ದ ಲೆನ್ಸೇ ಇದೆ, ಮೇಲೆ ಹೇಳಿದ ತಕರಾರೂ ಅದೇ.

ಮಸುಕಿನ ಕಾರಣ ಗುರುತಿಸುವುದು ಗೊತ್ತಿದ್ದಿದ್ದರೆ ನಾನು ಟ್ರೈಪಾಡ್ ಹಿಡಿದು ಒದ್ದಾಡುತ್ತಿರಲಿಲ್ಲ. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಮೊದಲು ಹಕ್ಕಿಯನ್ನು ಬಿಟ್ಟು ಸುತ್ತಮುತ್ತ ನೋಡಿ. ಹಿಂದಿನ ಅಥವಾ ಮುಂದಿನ ಯಾವುದೋ ವಸ್ತು ಚೊಕ್ಕವಾಗಿದ್ದರೆ ಅದು ಫೋಕಸ್ ತಪ್ಪು. ಕೂತ ಕೊಂಬೆಯೂ ಕಾಲೂ ಚೊಕ್ಕ, ತಲೆ ಮಾತ್ರ ಕಲಸಿದೆ ಎಂದರೆ ಹಕ್ಕಿ ಅಲುಗಾಡಿದೆ. ಕೈ ನಡುಕ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸರ್ ಇದಕ್ಕೆ ಏನೂ ಮಾಡದು, ಷಟರ್ ವೇಗ ಏರಿಸಬೇಕು. ಎಲ್ಲವೂ ಒಂದೇ ದಿಕ್ಕಿಗೆ ಗೀರಿದ ಹಾಗಿದ್ದರೆ ನಿಮ್ಮ ಕೈ. ಯಾವುದೂ ಚೊಕ್ಕವಿಲ್ಲ, ಅಂಚುಗಳು ಒಂದೊಂದು ಚಿತ್ರದಲ್ಲಿ ಒಂದೊಂದು ಥರ ಅಲೆಅಲೆಯಾಗಿದ್ದರೆ ಅದು ಬಿಸಿಗಾಳಿ. ತೆರೆದ ಕಿಟಕಿಯಲ್ಲಿ ಇದು ಬಹಳ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಉಷ್ಣತೆ ಬೇರೆಯಿದ್ದರೆ ಅವು ಕಿಟಕಿಯ ಬಳಿಯೇ ಕಲೆಯುತ್ತವೆ, ನೀವು ಆ ಕಲಬೆರಕೆಯ ಮೂಲಕ ನೋಡುತ್ತಿರುತ್ತೀರಿ. ಕಿಟಕಿ ತೆರೆದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕೂತರೆ ಎಷ್ಟೋ ವಾಸಿ. ಗಾಜಿನ ಮೂಲಕವೇ ತೆಗೆಯಬೇಕಾದರೆ ಲೆನ್ಸ್ ಹುಡ್ ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ, ಕೋಣೆಯ ದೀಪ ಆರಿಸಿ. ಓರೆಯಾಗಿ ಹಿಡಿದರೆ ಗರಿಗಳಿಗೆ ಜೋಡಿ ಅಂಚು ಮೂಡುತ್ತದೆ.

ಸೆಟ್ಟಿಂಗ್ ವಿಷಯದಲ್ಲಿ ಆಟೋ ಮೋಡ್ ಬಿಡಿ, ಅದು ಎಷ್ಟೋ ಸಲ ನೆರಳಿನಲ್ಲಿ 1/100ಕ್ಕೆ ಇಳಿದುಬಿಡುತ್ತದೆ. ಷಟರ್ ಪ್ರಯಾರಿಟಿಯಲ್ಲಿ (ಷಟರ್ ವೇಗವನ್ನು ನೀವೇ ಆರಿಸುವ ಮೋಡ್) ಕೂತ ಪಾರಿವಾಳಕ್ಕೆ 1/250, ತಲೆಯನ್ನು ಸೆಳೆದು ಸೆಳೆದು ನೋಡುವ ಗುಬ್ಬಿಗೆ 1/500, ಹಾರುವುದಕ್ಕೆ 1/2000. ಆಟೋ ಐಎಸ್‌ಒಗೆ ಮೇಲೆ ಹೇಳಿದ ಮಿತಿ ಹಾಕಿ. ಫೋಕಸ್ ಚೌಕ ಅತಿ ಚಿಕ್ಕದು, ನಡುವಿನದು. ದೊಡ್ಡ ಚೌಕವಿದ್ದರೆ ಹಿಂದಿನ ರೆಂಬೆಗಳು ಫೋಕಸ್ ಕದಿಯುತ್ತವೆ. ಹಕ್ಕಿ ಫ್ರೇಮಿನ ಸ್ವಲ್ಪ ಭಾಗವನ್ನಷ್ಟೇ ತುಂಬಿದ್ದರೆ ಕಾಗೆಗೆ ಎಕ್ಸ್‌ಪೋಶರ್ +0.7, ಬೆಳ್ಳಗಿನ ಹಕ್ಕಿಗೆ -0.7, ಹಿಂದೆ ಬರೀ ಆಕಾಶವಿದ್ದರೆ +1. ಡಿಜಿಟಲ್ ಜೂಮ್ ಮೆನುವಿಗೆ ಹೋಗಿ ಮುಚ್ಚಿಬಿಡಿ. ಪಿ950 ಸೆಕೆಂಡಿಗೆ 7ರಂತೆ ತೆಗೆದರೂ ಒಂದೂವರೆ ಸೆಕೆಂಡಿನಲ್ಲಿ ಬಫರ್ (ಚಿತ್ರಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ತುಂಬಿ ಕೂರುತ್ತದೆ, ಹಾಗಾಗಿ ಹಕ್ಕಿ ತಲೆ ತಿರುಗಿಸಿದಾಗ ಎರಡು ಮೂರು ಮಾತ್ರ ಒತ್ತಿ. ಆರ್‌ಎಕ್ಸ್10 ಮಾರ್ಕ್ 4ಕ್ಕೆ ಈ ಚಿಂತೆ ಇಲ್ಲ, ಸೆಕೆಂಡಿಗೆ 24. ಸಂಜೆ ಕೂತು ಅಳಿಸುವ ಚಿಂತೆ ಮಾತ್ರ ನಿಮ್ಮದು.

ಇನ್ನು ಕ್ಯಾಮೆರಾಕ್ಕಿಂತ ಅಗ್ಗದ್ದು, ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು: ಒಂದು ಒಣ ಕೊಂಬೆ. ಹಕ್ಕಿ ನೇರವಾಗಿ ತಟ್ಟೆಗೆ ಇಳಿಯುವುದು ಕಡಿಮೆ. ಪಕ್ಕದಲ್ಲಿ ಕೂತು, ಸುತ್ತ ನೋಡಿ, ಆಮೇಲೆ ಇಳಿಯುತ್ತದೆ. ತಟ್ಟೆಯಿಂದ ಒಂದು ಮೊಳದಾಚೆ, ಬೆರಳು ದಪ್ಪದ ಕೊಂಬೆಯನ್ನು ನಿಮ್ಮ ಲೆನ್ಸಿನ ಎತ್ತರಕ್ಕೆ ನೆಡಿ. ದೂರ ಐದಾರು ಮೀಟರ್. ಅದರ ಹಿಂದೆ ನಾಲ್ಕೈದು ಮೀಟರ್ ಖಾಲಿ ಇರಲಿ, ಆಗ ಬೇಲಿ ತಾನಾಗಿಯೇ ಹಸಿರು ಪರದೆಯಾಗಿ ಕರಗುತ್ತದೆ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಬೇಕು. ಕೊಂಬೆಯ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಕಾಯಿರಿ. ನೀರಿಟ್ಟರೆ ಕಾಳಿಗೆ ಬಾರದ ಹಕ್ಕಿಗಳೂ ಬರುತ್ತವೆ; ಬಟ್ಟಲು ಎರಡು ಮೂರು ಸೆಂ.ಮೀ. ಆಳಕ್ಕಿಂತ ಹೆಚ್ಚಿರಬಾರದು, ನೀರು ದಿನಾ ಬದಲಾಯಿಸಬೇಕು, ತಟ್ಟೆಯನ್ನೂ ತಿಕ್ಕಿ ತೊಳೆಯಬೇಕು, ಹಿಕ್ಕೆ ಸೇರಿದ ಕಾಳಿನಿಂದ ರೋಗ ಹರಡುತ್ತದೆ. ಗೂಡಿನ ಹತ್ತಿರ ಮಾತ್ರ ಕ್ಯಾಮೆರಾ ಒಯ್ಯಬೇಡಿ.

ಈ ಐದಾರು ಮೀಟರಿಗೆ ಒಂದು ತೊಡಕಿದೆ. ಗಾಜಿಗೆ ಬಡಿದು ಹಕ್ಕಿ ಸಾಯುವ ಅಪಾಯ ಕಡಿಮೆಯಿರಬೇಕೆಂದರೆ ತಟ್ಟೆ ಕಿಟಕಿಯಿಂದ ಒಂದು ಮೀಟರಿನೊಳಗೆ ಅಥವಾ ಸುಮಾರು ಹತ್ತು ಮೀಟರಿನಾಚೆ ಇರಬೇಕು. ನಡುವಿನ ದೂರದಲ್ಲಿ ಬೆದರಿ ಹಾರಿದ ಹಕ್ಕಿಗೆ ಪೂರ್ತಿ ವೇಗ ಬಂದಿರುತ್ತದೆ. ನೀವು ಐದು ಮೀಟರನ್ನೇ ಆರಿಸಿದರೆ ಗಾಜಿನ ಹೊರಮೈಗೆ ಐದೈದು ಸೆಂ.ಮೀ. ಅಂತರದಲ್ಲಿ ಬಿಳಿ ಚುಕ್ಕಿ ಅಂಟಿಸಿ. ಒಳಮೈಗೆ ಅಂಟಿಸಿದರೆ ಹೊರಗಿನ ಆಕಾಶದ ಪ್ರತಿಬಿಂಬದಲ್ಲಿ ಅವು ಹಕ್ಕಿಗೆ ಕಾಣುವುದಿಲ್ಲ. ಲೆನ್ಸಿಗೆ ಬೇಕಾದ ಕಿಟಕಿಯ ಒಂದು ಬಾಗಿಲನ್ನಷ್ಟೇ ತೆರೆದಿಟ್ಟುಕೊಳ್ಳಿ.