ಹಳೇ ಐ5 ಲ್ಯಾಪ್‌ಟಾಪ್: ಮಾರೋದಾ, ಲಿನಕ್ಸ್ ಹಾಕೋದಾ?

ನಿಮ್ಮದು ಫೋರ್ತ್ ಜನರೇಷನ್ ಐ5, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗೋಕೇ ಐದು ನಿಮಿಷ. ನುಡಿಯಲ್ಲಿ ಕನ್ನಡ ಟೈಪಿಂಗ್, ಬ್ಯಾಂಕ್ ಕೆಲಸ, ಬಿಡುವಾದಾಗ ಒಂದೆರಡು ಗೇಮ್, ಇಷ್ಟು ಬೇಕು. ಮಂಡ್ಯದಿಂದ ಮೈಸೂರಿಗೆ ತಗೊಂಡು ಹೋಗಿ ಮಾರಿಬಿಡಲಾ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಲಾ ಅಂತ ಕೇಳಿದ್ದೀರಿ.

ಮಾರಬೇಡಿ. ಆದರೆ ಲಿನಕ್ಸ್‌ಗಿಂತ ಮೊದಲು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಬೇಗ ಓದುವ ಡಿಸ್ಕ್) ಹಾಕಿಸಿ. ನಿಮ್ಮ ಪ್ರೊಸೆಸರ್ ಇನ್ನೂ ಗಟ್ಟಿ ಇದೆ, ಸೋತಿರೋದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಸಾವಿರಾರು ಚಿಕ್ಕ ಫೈಲುಗಳನ್ನು ಹುಡುಕಿ ಓದೋಕೆ ಅದರ ಮುಳ್ಳು ಅತ್ತಿಂದಿತ್ತ ಓಡಾಡಬೇಕು. ಅದೇ ಡಿಸ್ಕಿನ ಮೇಲೆ ಲಿನಕ್ಸ್ ಹಾಕಿದರೂ ಬ್ರೌಸರ್ ತೆರೆಯುವಾಗ ಅದೇ ಕಾಯುವಿಕೆ. ಎಷ್ಟೋ ಜನ ಇಲ್ಲೇ ಬೇಸತ್ತು ‘ಲಿನಕ್ಸೂ ಸ್ಲೋ’ ಅಂತ ಕೈಬಿಡ್ತಾರೆ.

ಅಂಗಡಿಯಲ್ಲಿ ಕೇಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ರ್ಯಾಮ್‌ಗೆ ಇನ್ನೊಂದು ಜಾಗ ಖಾಲಿ ಇದ್ದರೆ 4 ಜಿಬಿಯ ಡಿಡಿಆರ್3ಎಲ್ ಸ್ಟಿಕ್ ಸೇರಿಸಿ. ಆ ಕೊನೆಯ ‘ಎಲ್’ ಮುಖ್ಯ. ಅದು 1.35 ವೋಲ್ಟಿನದು, ಸ್ಟಿಕ್ಕಿನ ಮೇಲೆ ಪಿಸಿ3ಎಲ್ ಅಂತ ಬರೆದಿರುತ್ತೆ. 1.5 ವೋಲ್ಟಿನ ಮಾಮೂಲಿ ಡಿಡಿಆರ್3 ಹಾಕಿದರೆ ಫೋರ್ತ್ ಜನರೇಷನ್ ಲ್ಯಾಪ್‌ಟಾಪ್ ಆನೇ ಆಗದೆ ಇರಬಹುದು. ಕೆಲವು ತೆಳು ಮಾಡೆಲ್‌ಗಳಲ್ಲಿ ರ್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಹಾಗಾಗಿ ಹಿಂಬದಿ ಬಿಚ್ಚಿ ನೋಡಿದ ಮೇಲೇ ದುಡ್ಡು ಕೊಡಿ. ತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಡಿಲೀಟ್ ಮಾಡಿದ ಫೈಲನ್ನು ಮತ್ತೆ ಎತ್ತೋದು ಕಷ್ಟವೇನಲ್ಲ, ನಿಮ್ಮ ಆಧಾರ್ ಸ್ಕ್ಯಾನು, ಪಾಸ್‌ಬುಕ್ಕಿನ ಫೋಟೋ ಎಲ್ಲಾ ಅದರಲ್ಲೇ ಇದೆ. ಒಂದು ಯುಎಸ್‌ಬಿ ಕೇಸ್ ಕೊಂಡು ಅದರೊಳಗೆ ಹಾಕಿಟ್ಟರೆ ಬ್ಯಾಕಪ್ಪೂ ಆಯ್ತು, ಲಿನಕ್ಸ್ ಒಗ್ಗದಿದ್ದರೆ ವಾಪಸ್ ಹೋಗೋಕೆ ದಾರಿಯೂ ಇರುತ್ತೆ. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡೋ ಡ್ಯುಯಲ್ ಬೂಟ್‌ಗಿಂತ ಇದೇ ಕ್ಷೇಮ.

ವಿಂಡೋಸ್ 10ರಲ್ಲೇ ಉಳಿಯೋಣ ಅನ್ನೋದು ನನಗೆ ಒಪ್ಪಿಗೆಯಿಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್ ಎಂಟನೇ ಜನರೇಷನ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ. ಅಡ್ಡದಾರಿಯಲ್ಲಿ ಹಾಕಿಕೊಡ್ತೀವಿ ಅನ್ನೋರಿದ್ದಾರೆ, ಬ್ಯಾಂಕ್ ಕೆಲಸ ಮಾಡೋ ಯಂತ್ರಕ್ಕೆ ಅದು ಬೇಡ.

ಹಾಕಬೇಕಾದ್ದು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಬರುತ್ತೆ. ಅದರ ಫೈಲನ್ನು ಇಳಿಸಿಕೊಂಡು, ರೂಫಸ್ ಅನ್ನೋ ವಿಂಡೋಸ್ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಿರಿ (ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತೆ). ಆನ್ ಮಾಡುವಾಗ ಲೆನೊವೊ, ಡೆಲ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತೆ. ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವ್‌ನಿಂದಲೇ ಅರ್ಧ ಗಂಟೆ ಓಡಿಸಿ ವೈಫೈ, ಸೌಂಡು, ಕ್ಯಾಮೆರಾ, ಪ್ರಿಂಟರ್ ನೋಡಿಕೊಳ್ಳಿ. ವೈಫೈ ಕಾಣಿಸದಿದ್ದರೆ ಹೆಚ್ಚಾಗಿ ಅದು ಬ್ರಾಡ್‌ಕಾಮ್ ಚಿಪ್. ಫೋನನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಹಾಕಿ (ಫೋನಿನ ಇಂಟರ್‌ನೆಟ್ ಲ್ಯಾಪ್‌ಟಾಪ್‌ಗೆ ಬರುತ್ತೆ), ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅಲ್ಲೇ ಸಿಗುತ್ತೆ.

ಬ್ಯಾಟರಿ ಸತ್ತಿದೆ, ಸದಾ ಚಾರ್ಜರ್‌ನಲ್ಲೇ ಓಡಿಸ್ತೀರಿ ಅನ್ನೋದಾದರೆ ಇನ್‌ಸ್ಟಾಲ್ ಮತ್ತು ಅಪ್‌ಡೇಟ್‌ಗೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಪ್ಯಾಕೇಜುಗಳು ಅರೆಬರೆ ಕೂತು ಮುಂದಿನ ಸಲ ಡೆಸ್ಕ್‌ಟಾಪೇ ಬರದೆ ಹೋಗಬಹುದು. ಹೆದರಬೇಡಿ. ಲಿನಕ್ಸ್ ಶುರುವಾಗೋ ಹೊತ್ತಿನ ಗ್ರಬ್ ಮೆನುವಿನಲ್ಲಿ ರಿಕವರಿ ಮೋಡ್‌ಗೆ ಹೋಗಿ ‘ಡಿಪಿಕೆಜಿ’ ಅನ್ನೋ ಸಾಲು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಮಿಂಟ್‌ನಲ್ಲೇ ಇರೋ ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದು ಸ್ನ್ಯಾಪ್‌ಶಾಟ್ (ಸಿಸ್ಟಂನ ಆಗಿನ ಸ್ಥಿತಿಯ ನಕಲು) ಇಟ್ಟಿದ್ದರೆ ಇನ್ನೂ ಸುಲಭ.

ಇನ್ನು ನುಡಿ. ನಿಮ್ಮ ನಿರ್ಧಾರ ನಿಜವಾಗಿ ನಿಂತಿರೋದು ಇದರ ಮೇಲೆ. ಕೀಬೋರ್ಡ್ ಚಿಂತೆಯಿಲ್ಲ: ಸೆಟ್ಟಿಂಗ್ಸ್‌ನ ಕೀಬೋರ್ಡ್ ಲೇಔಟ್‌ನಲ್ಲಿ ಭಾರತದ ಭಾಷೆಗಳ ಕೆಳಗೆ ‘ಕನ್ನಡ (ಕಗಪ)’ ಇದೆ. ಕನ್ನಡ ಗಣಕ ಪರಿಷತ್ತಿನದೇ ವಿನ್ಯಾಸ. ಒತ್ತಕ್ಷರಕ್ಕೆ ಎಫ್ ಒತ್ತುವ ನಿಮ್ಮ ಬೆರಳಿನ ಅಭ್ಯಾಸ ಹಾಗೇ ನಡೆಯುತ್ತೆ. ತೊಡಕಿರೋದು ಹಳೇ ಫೈಲುಗಳಲ್ಲಿ. ‘ನುಡಿ 01 ಇ’ ಥರದ ಫಾಂಟಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣೋ ಸಂಕೇತ ಪದ್ಧತಿ) ಅಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಮಾತ್ರ ಕನ್ನಡದ ವೇಷ ತೊಡಿಸಿರುತ್ತೆ. ಆ ಫಾಂಟ್ ಇಲ್ಲದ ಲಿಬ್ರೆಆಫೀಸ್‌ನಲ್ಲಿ (ಲಿನಕ್ಸ್‌ನಲ್ಲಿ ವರ್ಡ್ ಬದಲು ಬಳಸೋದು) ತೆರೆದರೆ ಕಲಸುಮೇಲೋಗರ. ಹಾಗಾಗಿ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ನುಡಿಯ ಪರಿವರ್ತಕದಿಂದ ಮುಖ್ಯವಾದವನ್ನು ಯುನಿಕೋಡ್‌ಗೆ ಬದಲಿಸಿ. ಅರ್ಕಾವತ್ತು, ಅಂಕಿ, ಟೇಬಲ್‌ಗಳಲ್ಲಿ ತಪ್ಪು ನುಸುಳಬಹುದು, ಒಮ್ಮೆ ಓದಿ. ಮಿಂಟ್‌ನಲ್ಲಿ ನೋಟೋ ಅಲ್ಲದೆ ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟುಗಳನ್ನೂ ಹಾಕಿಕೊಳ್ಳಬಹುದು, ಚೆನ್ನಾಗಿವೆ.

ಲಿನಕ್ಸ್ ಹಾಕಿದ ಕೂಡಲೇ ಖಾಸಗಿತನ ಬರಲ್ಲ. ಕ್ರೋಮ್‌ಗೆ ಗೂಗಲ್ ಖಾತೆ ಹಾಕಿ ಕೂತರೆ ಇಲ್ಲೂ ಅದೇ ಕಥೆ. ಫೈರ್‌ಫಾಕ್ಸ್ ಮತ್ತು ಅದಕ್ಕೆ ಜಾಹೀರಾತು, ಟ್ರ್ಯಾಕರ್ ತಡೆಯೋ ಯುಬ್ಲಾಕ್ ಆರಿಜಿನ್ ಹಾಕಿ. ಬ್ಯಾಂಕಿಗೆ ಬೇರೆಯದೇ ಪ್ರೊಫೈಲ್ ಇಟ್ಟು ಅದರಲ್ಲಿ ಇನ್ನೇನೂ ತೆರೆಯಬೇಡಿ. ಪ್ರೈವೇಟ್ ವಿಂಡೋ ಮರೆಮಾಡೋದು ಮನೆಯವರ ಕಣ್ಣಿಂದ ಮಾತ್ರ, ಯಾವ ಸೈಟಿಗೆ ಹೋದಿರಿ ಅನ್ನೋದು ಇಂಟರ್‌ನೆಟ್ ಕೊಡೋರಿಗೆ ಆಗಲೂ ಗೊತ್ತಾಗಬಹುದು. ಫೋನ್ ಮಾಡಿ ಸ್ಕ್ರೀನ್ ಹಂಚಿಕೊಳ್ಳಿ ಅನ್ನೋರಿಂದ ಯಾವ ಲಿನಕ್ಸೂ ಕಾಪಾಡಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗೇಮ್ ವಿಷಯಕ್ಕೆ ಬಂದರೆ, ಸೂಪರ್‌ಟಕ್ಸ್‌ಕಾರ್ಟ್, ಓಪನ್‌ಟಿಟಿಡಿ, ವೆಸ್ನಾತ್ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ, ಪುಕ್ಕಟೆ. ಕೌಂಟರ್‌ಸ್ಟ್ರೈಕ್ 1.6ಕ್ಕೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಲಿನಕ್ಸ್ ಆವೃತ್ತಿಯೇ ಇದೆ. ಹೊಸ ವಿಂಡೋಸ್ ಗೇಮ್‌ಗಳನ್ನು ಪ್ರೋಟಾನ್ ಮೂಲಕ ಓಡಿಸೋ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ವಲ್ಕನ್ ಅನ್ನೋ ಗ್ರಾಫಿಕ್ಸ್ ವ್ಯವಸ್ಥೆ ಬೇಕು, ಫೋರ್ತ್ ಜನರೇಷನ್ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ವಲ್ಕನ್ ಬೆಂಬಲ ಅರ್ಧಂಬರ್ಧ. ವ್ಯಾಲರಂಟ್ ಎಂಥ ಯಂತ್ರವಾದರೂ ಲಿನಕ್ಸ್‌ನಲ್ಲಿ ನಡೆಯಲ್ಲ, ಅದರ ಆ್ಯಂಟಿಚೀಟ್ ವಿಂಡೋಸ್‌ಗೆ ಮಾತ್ರ. ರ್ಯಾಮ್ ಎರಡು ಸ್ಟಿಕ್ ಆಗಿದ್ದರೆ ಗೇಮ್ ಸ್ವಲ್ಪ ಚುರುಕಾಗುತ್ತೆ, ಏಕೆಂದರೆ ಈ ಗ್ರಾಫಿಕ್ಸ್ ಬಳಸೋದು ಅದೇ ರ್ಯಾಮನ್ನು.

ಒಂದು ವಿಷಯ ನೀವು ಹೇಳಿಲ್ಲ: ಲೆಕ್ಕಪತ್ರದ ಟ್ಯಾಲಿ ದಿನಾ ಬೇಕಾ? ಬೇಕಿದ್ದರೆ ಮೇಲಿನ ಎಸ್‌ಎಸ್‌ಡಿ ಸಲಹೆ ಮಾತ್ರ ತಗೊಳ್ಳಿ, ಲಿನಕ್ಸ್ ಸದ್ಯಕ್ಕೆ ಬೇಡ. ಟ್ಯಾಲಿ ಇರೋದು ವಿಂಡೋಸ್‌ಗೆ.