50 ವರ್ಷದ ಡೀಸೆಲ್ ಇಂಜಿನ್ ಇನ್ನೂ ಗೂಡ್ಸ್ ಎಳೆಯೋದು ಹೇಗೆ?

ಅಮೆರಿಕದ ಸಣ್ಣ ಗೂಡ್ಸ್ ರೈಲ್ವೆ ಕಂಪನಿಗಳು 1970ರ ದಶಕದ ಡೀಸೆಲ್ ಇಂಜಿನ್‌ಗಳನ್ನೇ ಇನ್ನೂ ಓಡಿಸುತ್ತಿವೆಯಲ್ಲ, ಹೊಸದು ಯಾಕೆ ಕೊಳ್ಳಲ್ಲ, ಹಳೇದನ್ನು ಹೇಗೆ ಸಂಭಾಳಿಸುತ್ತಾರೆ ಅಂತ ನೀವು ಕೇಳಿದ್ದೀರಿ. ನನ್ನ ಹೊಟ್ಟೆಪಾಡೇ ಈ ಕೆಲಸ. ಊರು ಹುಬ್ಬಳ್ಳಿ, ಈಗ ಇರೋದು ಒಹಾಯೊದಲ್ಲಿ, ಒಂದು ಸಣ್ಣ ರೈಲ್ವೆಯ ಶೆಡ್ಡಿನಲ್ಲಿ ಮೆಕ್ಯಾನಿಕ್. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ದುಡ್ಡಿನ ವಿಷಯ. 1980ರಲ್ಲಿ ಇಲ್ಲಿ ರೈಲ್ವೆಗಳ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಿಸಿದ ಸ್ಟ್ಯಾಗರ್ಸ್ ಕಾಯ್ದೆ ಬಂತು. ಆಮೇಲೆ ದೊಡ್ಡ ರೈಲ್ವೆ ಕಂಪನಿಗಳು ಲಾಭವಿಲ್ಲದ ಕವಲು ದಾರಿಗಳನ್ನು ಮಾರಿದವು, ಸಣ್ಣವರು ಕೊಂಡುಕೊಂಡರು. ಈಗ ದೇಶದಲ್ಲಿ ಸುಮಾರು 600 ಸಣ್ಣ ರೈಲ್ವೆಗಳಿವೆ. ಜೋಳ, ಗುಜರಿ ಕಬ್ಬಿಣ, ಪ್ಲಾಸ್ಟಿಕ್ ಕಾಳು, ಉಪ್ಪು, ಇಂಥವನ್ನು ಕಾರ್ಖಾನೆ ಬಾಗಿಲಿಂದ ಎತ್ತಿ ದೊಡ್ಡ ರೈಲ್ವೆಯ ಯಾರ್ಡಿಗೆ ಒಪ್ಪಿಸೋದು ನಮ್ಮ ಕೆಲಸ. ಹೊಸ ಇಂಜಿನ್ನಿಗೆ ಮಿಲಿಯನ್‌ಗಟ್ಟಲೆ ಡಾಲರ್. ದಿನಕ್ಕೆ ಒಂದಷ್ಟು ವ್ಯಾಗನ್ ಎಳೆಯುವ ಕಂಪನಿಗೆ ಆ ಲೆಕ್ಕ ಎಂದೂ ಕೂಡಿ ಬರುವುದಿಲ್ಲ.

ದುಡ್ಡಿದ್ದರೂ ಇನ್ನೊಂದು ತೊಡಕಿದೆ. ಈಗಿನ ದೊಡ್ಡ ಇಂಜಿನ್‌ಗಳಿಗೆ ಆರು ಆಕ್ಸಲ್. ನಮ್ಮ ಹಳೇ ಹಳಿ, ಹಳೇ ಸೇತುವೆ, ಕಾರ್ಖಾನೆಯೊಳಗಿನ ಬಿಗಿ ತಿರುವು ಅವಕ್ಕೆ ಆಗಿಬರಲ್ಲ. ನಮಗೆ ಬೇಕಾದದ್ದು ನಾಲ್ಕು ಆಕ್ಸಲ್‌ನದು. ಅದರ ತಯಾರಿಕೆ 1990ರ ದಶಕದ ನಡುವಿನ ಹೊತ್ತಿಗೆ ಹೆಚ್ಚುಕಮ್ಮಿ ನಿಂತೇಹೋಯಿತು.

ಹಾಗಾಗಿ ಎಲ್ಲಿ ನೋಡಿದರೂ ಇಎಂಡಿ ಅನ್ನುವ ಅಮೆರಿಕದ ಕಂಪನಿಯ ಜಿಪಿ38-2 ಮಾದರಿಯ ನಾಲ್ಕು ಆಕ್ಸಲ್ ಇಂಜಿನ್. 1972ರಿಂದ 1986ರ ತನಕ 2 ಸಾವಿರಕ್ಕೂ ಜಾಸ್ತಿ ತಯಾರಾದವು. ಅದರೊಳಗೆ ಕೂತಿರೋದು 16 ಸಿಲಿಂಡರ್, 2,000 ಅಶ್ವಶಕ್ತಿ, ಎರಡು ಸ್ಟ್ರೋಕ್‌ನ 645 ಇಂಜಿನ್. 645 ಅಂದರೆ ಒಂದೊಂದು ಸಿಲಿಂಡರಿನ ಅಳತೆ, ಘನ ಇಂಚಿನಲ್ಲಿ. ಇದಕ್ಕೆ ಹೊಗೆಯ ಬಲದಿಂದ ತಿರುಗಿ ಗಾಳಿ ತುಂಬುವ ಟರ್ಬೊ ಇಲ್ಲ, ಗಾಳಿ ತಳ್ಳಲು ಸರಳವಾದ ಬ್ಲೋವರ್ ಇದೆ. ನನ್ನನ್ನು ಕೇಳಿದರೆ ಇದು ಇಷ್ಟು ಕಾಲ ಬಾಳಿರೋದಕ್ಕೆ ಅರ್ಧ ಕಾರಣ ಅದೇ. ಟರ್ಬೊ ಕೆಟ್ಟರೆ ಸಣ್ಣ ಕಂಪನಿಯ ಒಂದು ವರ್ಷದ ರಿಪೇರಿ ದುಡ್ಡು ಅಲ್ಲೇ ಖಾಲಿ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಡಬ್ಲ್ಯೂಡಿಜಿ-4 ಗೂಡ್ಸ್ ಇಂಜಿನ್ ಬಿಚ್ಚಿ ಕಟ್ಟಿದವರಿಗೆ ಈ ಇಂಜಿನ್ ಹೊಸದೇನೂ ಅನ್ನಿಸಲ್ಲ. ಅದರೊಳಗಿನ 710 ಮಾದರಿಯ ಡೀಸೆಲ್ ಇಂಜಿನ್ ಇದರದೇ ವಂಶ. ಸಿಲಿಂಡರಿನ ಅಗಲ ಇದರಷ್ಟೇ, ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಮಾತ್ರ 10 ಇಂಚಿನಿಂದ 11 ಇಂಚಾಗಿದೆ.

ಈಗ ಮುಖ್ಯ ಮಾತು. ಈ ಇಂಜಿನ್‌ಗಳು ವಯಸ್ಸಾಗಿ ಸಾಯುವುದು ಕಡಿಮೆ. ಅವನ್ನು ಕೊಲ್ಲೋದು ನೀರು, ಮತ್ತು "ಮುಂದಿನ ತಿಂಗಳು ನೋಡೋಣ" ಅನ್ನುವ ಮಾತು.

ನೀರು ಅಂದೆನಲ್ಲ, ಅದು ಇಂಜಿನ್ ತಂಪಾಗಿಡುವ ನೀರು. ನಾವು ಇದಕ್ಕೆ ಕಾರಿನ ಹಾಗೆ ಆಂಟಿಫ್ರೀಜ್ ಹಾಕುವುದಿಲ್ಲ. ಅದು ಸೋರಿ ಆಯಿಲ್‌ಗೆ ಸೇರಿದರೆ ಬೇರಿಂಗ್‌ಗಳು ಹಾಳಾಗುತ್ತವೆ. ಬರೀ ನೀರು, ತುಕ್ಕು ಹಿಡಿಯದಂತೆ ಒಂದು ಔಷಧಿ, ಸೋರಿಕೆ ಕಣ್ಣಿಗೆ ಬೀಳಲಿ ಅಂತ ಗುಲಾಬಿ ಬಣ್ಣ. ಆದರೆ ಒಹಾಯೊ ಚಳಿಗಾಲದಲ್ಲಿ ಬರೀ ನೀರು ಹೆಪ್ಪುಗಟ್ಟಿ ಇಂಜಿನ್ನಿನ ಮೈಯಾದ ಬ್ಲಾಕನ್ನೇ ಸೀಳಿಬಿಡುತ್ತದೆ. ಅದಕ್ಕೇ ಚಳಿ ಬಂತೆಂದರೆ ಇಂಜಿನ್ ಆಫ್ ಮಾಡಲ್ಲ, ರಾತ್ರಿಯಿಡೀ ಐಡಲ್‌ನಲ್ಲಿ ಬಿಡುತ್ತೇವೆ. ಗಂಟೆಗೆ ಸುಮಾರು 15 ಲೀಟರ್ ಡೀಸೆಲ್ ಸುಮ್ನೆ ಉರಿದುಹೋಗುತ್ತದೆ. ನೀರು ಬೆಚ್ಚಗಿಡುವ ಹೀಟರ್ ಹಾಕಿಸಿಕೊಂಡರೆ ಆ ಖರ್ಚು ತಪ್ಪುತ್ತದೆ. ಹಳೇ ಇಂಜಿನ್ನಿಗೆ ಏನಾದರೂ ಹೊಸದು ಕೊಡಿಸುವುದಿದ್ದರೆ ಮೊದಲು ಇದನ್ನೇ ಕೊಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕೆಲವು ದಿನ ಆಫ್ ಆಗಿ ನಿಂತ ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಪ್ರತಿ ಸಿಲಿಂಡರಿನ ಟೆಸ್ಟ್ ಕಾಕ್ ಅನ್ನುವ ಸಣ್ಣ ಕವಾಟ ತೆರೆಯಬೇಕು. ಹದಿನಾರೂ ತೆರೆದು, ಕಬ್ಬಿಣದ ಬಾರ್ ಹಾಕಿ ಇಂಜಿನ್ನನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಒಳ್ಳೆಯ ಸಿಲಿಂಡರಿನಿಂದ ಉಸ್ಸಂತ ಗಾಳಿ ಬರುತ್ತದೆ. ಸೋರಿದ್ದರೆ ನೀರು ಚಿಮ್ಮುತ್ತದೆ. ನೀರನ್ನು ಅದುಮಿದರೆ ಅದು ಕುಗ್ಗಲ್ಲ. ನೋಡದೆ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಮಳೆಯಲ್ಲಿ, ಹಿಮದಲ್ಲಿ ನಿಂತು ಇದನ್ನು ಮಾಡೋದು ಬೇಜಾರಿನ ಕೆಲಸವೇ. ಆದರೂ ಬಿಡುವ ಹಾಗಿಲ್ಲ.

ಒಂದು ಸಿಲಿಂಡರ್ ಕೆಟ್ಟಿತು ಅಂದುಕೊಳ್ಳಿ. ಹೆಡ್ (ಸಿಲಿಂಡರಿನ ತಲೆಭಾಗ), ಲೈನರ್ (ಅದರ ಒಳಕೊಳವೆ), ಪಿಸ್ಟನ್, ರಾಡ್ ಎಲ್ಲ ಸೇರಿ ಒಂದು ಪವರ್ ಅಸೆಂಬ್ಲಿ. ಪೂರ್ತಿ ಇಂಜಿನ್ ಇಳಿಸಬೇಕಿಲ್ಲ. ಮೇಲಿನ ಮುಚ್ಚಳ ತೆಗೆದು, ಸಣ್ಣ ಕ್ರೇನಿನಲ್ಲಿ ಹಳೇದನ್ನು ಎತ್ತಿ ರಿಪೇರಿ ಮಾಡಿಟ್ಟಿದ್ದನ್ನು ಕೂರಿಸಿದರಾಯಿತು. ಇಬ್ಬರು ಗೊತ್ತಿರುವವರು ಸಾಕು. ಇನ್ನೂ ಹಳೆಯ ಇಎಂಡಿ ಮಾದರಿಯಾದ ಜಿಪಿ9ರ 567 ಇಂಜಿನ್ನಿನ ಬ್ಲಾಕ್ ಸಿ ಮಾದರಿಯದಾದರೆ, ಅದರಲ್ಲೂ 645ರ ಅಸೆಂಬ್ಲಿ ಕೂರುತ್ತದೆ. 1950ರ ದಶಕದ ಇಂಜಿನ್ ಇವತ್ತಿಗೂ ಓಡುತ್ತಿರೋದು ಇಂಥದ್ದರಿಂದ.

ಯಾವುದು ಕೆಡುತ್ತಿದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ? ನನಗೆ ತುಂಬಾ ಇಷ್ಟವಾದ ಕೆಲಸ ಇದು. ಇಂಜಿನ್ ಪಕ್ಕದ ಕಿಂಡಿ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಲೈನರಿನ ರಂಧ್ರದೊಳಗೆ ಪಿಸ್ಟನ್ ರಿಂಗ್ ನೋಡುತ್ತೇವೆ. ರಿಂಗ್ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ ಬಿಸಿ ಗ್ಯಾಸ್ ಪಕ್ಕದಿಂದ ನುಗ್ಗುತ್ತಿದೆ ಅಂತ. ಆಮೇಲೆ ಪಿಸ್ಟನ್ ತಲೆಯ ಮೇಲೆ ಸೀಸದ ತಂತಿ ಇಟ್ಟು ಇಂಜಿನ್ ಒಂದು ಸುತ್ತು ತಿರುಗಿಸುತ್ತೇವೆ. ತಂತಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. ಅದರ ದಪ್ಪ ಮೈಕ್ರೋಮೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ. ಮುಂದಿನ ಸಲ ದಪ್ಪ ಬಂದರೆ ಪಿಸ್ಟನ್ ಕೆಳಗೆ ಕೂತಿದೆ, ಅದರ ಬೇರಿಂಗ್ ಸವೆದಿದೆ. ಸೀಸದ ತಂತಿಗೆ ಕೆಲವೇ ಡಾಲರ್. ಅದು ಉಳಿಸೋದು ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವನ್ನು, ಅಂದರೆ ಒಂದು ಇಡೀ ಕ್ರ್ಯಾಂಕ್‌ಶಾಫ್ಟ್.

ಆಯಿಲ್ ಸ್ಯಾಂಪಲ್ ಕೂಡ ಲ್ಯಾಬಿಗೆ ಹೋಗುತ್ತದೆ. ಬೋರಾನ್, ಸೋಡಿಯಂ ಏರಿದರೆ ನೀರು ಸೇರುತ್ತಿದೆ. ಬೆಳ್ಳಿ ಕಂಡರೆ ಪಿಸ್ಟನ್ ಪಿನ್ ಬೇರಿಂಗ್ ಹೋಗುತ್ತಿದೆ, ಯಾಕಂದರೆ ಅದಕ್ಕೆ ಬೆಳ್ಳಿ ಲೇಪನ ಇರುತ್ತದೆ. ಇದೇ ಕಾರಣಕ್ಕೆ ಈ ಇಂಜಿನ್‌ಗಳಿಗೆ ಜಿಂಕ್ ಇಲ್ಲದ ಆಯಿಲ್ಲೇ ಆಗಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಲಾರಿ ಆಯಿಲ್ ಸುರಿದರೆ ಬೆಳ್ಳಿ ತಿಂದುಹೋಗುತ್ತದೆ.

ಟ್ರಾಕ್ಷನ್ ಮೋಟಾರ್ ವಿಷಯಕ್ಕೆ ಬರೋಣ. ಡೀಸೆಲ್ ಇಂಜಿನ್ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದ ಚಕ್ರ ತಿರುಗಿಸೋದು ಈ ಮೋಟಾರ್. ನಿಧಾನ ಹೋಗುವ ಗಾಡಿಗೆ ಸವೆತ ಕಡಿಮೆ ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲಿ ಅದು ತಲೆಕೆಳಗು. ಸಣ್ಣ ರೈಲ್ವೆಗಳ ಎಷ್ಟೋ ಹಳಿಗಳಲ್ಲಿ ವೇಗದ ಮಿತಿಯೇ ಗಂಟೆಗೆ 10 ಮೈಲಿ. ಪೂರ್ತಿ ಎಳೆತದಲ್ಲಿ ಜಿಪಿ38-2ರ ಮೋಟಾರ್ ಅತಿಯಾಗಿ ಬಿಸಿಯಾಗದೆ ಓಡಬೇಕಾದರೆ ಸುಮಾರು 11 ಮೈಲಿ ವೇಗವಾದರೂ ಬೇಕು. ಏರಿನಲ್ಲಿ ಭಾರ ಎಳೆಯುತ್ತಾ ಅದಕ್ಕಿಂತ ಕೆಳಗೆ ತೆವಳಿದರೆ ಮೋಟಾರಿನೊಳಗೆ ಕರೆಂಟ್ ಜಾಸ್ತಿ ಹರಿದು ಸುರುಳಿಯ ಇನ್ಸುಲೇಷನ್ ಬೇಯುತ್ತದೆ. ಹಾಗಾಗಿ ಇಂಜಿನ್ ಓಡಿಸುವವರು ಕರೆಂಟ್ ತೋರಿಸುವ ಆಮೀಟರ್ ಮೇಲೆ ಕಣ್ಣಿಟ್ಟಿರಬೇಕು. ನಾನು ಕೆಳಗೆ ಇಳಿದು, ಮೋಟಾರಿನೊಳಗೆ ಕರೆಂಟ್ ಒಯ್ಯುವ ತಾಮ್ರದ ಉರುಳೆಯಾದ ಕಮ್ಯುಟೇಟರ್ ಬಣ್ಣ ನೋಡುತ್ತೇನೆ. ಒಂದೇ ಸಮನಾದ ಚಾಕೊಲೇಟ್ ಕಂದು ಇದ್ದರೆ ನೆಮ್ಮದಿ. ಸುಟ್ಟ ಪಟ್ಟಿ, ತಾಮ್ರ ಎಳೆದ ಗುರುತು ಕಂಡರೆ ಆ ಮೋಟಾರ್ ಬಿಚ್ಚಲೇಬೇಕು. ಕೆಳಗೆ ಇಳಿಯುವ ಮುನ್ನ ಹಳಿಗೆ ನೀಲಿ ಬಾವುಟ ನೆಡುತ್ತೇವೆ. ಅದನ್ನು ನೆಟ್ಟವರೇ ತೆಗೆಯಬೇಕು, ಅಲ್ಲಿಯ ತನಕ ಆ ಇಂಜಿನ್ ಯಾರೂ ಅಲ್ಲಾಡಿಸುವ ಹಾಗಿಲ್ಲ.

ಕಾನೂನೂ ಸುಮ್ನೆ ಬಿಡಲ್ಲ. ಓಡುವ ಇಂಜಿನ್ನನ್ನು ದಿನಾ ನೋಡಬೇಕು, ಇಂಥ ಹಳೇದಕ್ಕೆ 92 ದಿನಕ್ಕೊಮ್ಮೆ ಪೂರ್ತಿ ತಪಾಸಣೆ, ಅದರ ದಾಖಲೆ ಕ್ಯಾಬಿನಲ್ಲೇ ಇರಬೇಕು. ವಯಸ್ಸಿಗೆ ರಿಯಾಯಿತಿ ಇಲ್ಲ.

ಬಿಡಿಭಾಗ ಎಲ್ಲಿಂದ ಅಂದರೆ, ಸತ್ತ ಇಂಜಿನ್‌ಗಳಿಂದ. ದೊಡ್ಡ ರೈಲ್ವೆಗಳು ಕೈಬಿಟ್ಟದ್ದನ್ನು ಕೊಂಡು ಶೆಡ್ ಹಿಂದೆ ನಿಲ್ಲಿಸಿ, ಬೇಕಾದಾಗ ಬಿಚ್ಚಿಕೊಳ್ಳುವುದು. ಅದಕ್ಕೇ ಒಂದೇ ಮಾದರಿಗೆ ಅಂಟಿಕೊಳ್ಳಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ಥರದ ಇಂಜಿನ್ ಇಟ್ಟರೆ ನಾಲ್ಕು ಗೋದಾಮು ಬೇಕು. ಆದರೆ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿರುವ ಡೆಲವೇರ್-ಲ್ಯಾಕವಾನಾ ಅನ್ನುವ ಸಣ್ಣ ರೈಲ್ವೆ ಬೇರೆ ದಾರಿ ಹಿಡಿದಿದೆ. ಅವರದು ಆಲ್ಕೊ ಅನ್ನುವ ಇನ್ನೊಂದು ಅಮೆರಿಕನ್ ಕಂಪನಿಯ ಇಂಜಿನ್‌ಗಳು. ಆಲ್ಕೊ ಕಂಪನಿ 1969ರಲ್ಲೇ ಇಂಜಿನ್ ಮಾಡೋದು ನಿಲ್ಲಿಸಿತು! ಆದರೂ ಅವರ ಹತ್ತಿರ ಭಾಗಗಳ ರಾಶಿ ಇದೆ, ಆ ಇಂಜಿನ್ನಿನ ನಾಡಿ ಬಲ್ಲ ಜನ ಇದ್ದಾರೆ. ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನಲ್ಲಿ ದುಡಿದವರಿಗೆ ಆಲ್ಕೊದ 251 ಮಾದರಿಯ ಡೀಸೆಲ್ ಇಂಜಿನ್ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ನಿಂತ ಮೇಲೂ ವಾರಾಣಸಿಯಲ್ಲಿ ದಶಕಗಳ ಕಾಲ ಅದು ತಯಾರಾಗುತ್ತಲೇ ಇತ್ತು.

ಇನ್ನು ಎಷ್ಟು ವರ್ಷ ಓಡುತ್ತವೆ ಅಂತಲೂ ಕೇಳಿದ್ದೀರಿ. ಪವರ್ ಅಸೆಂಬ್ಲಿ, ಮೋಟಾರ್, ಚಕ್ರ, ವೈರಿಂಗ್, ಎಲ್ಲ ಬದಲಾಯಿಸಬಹುದು. ನಾನು ಕೈಚೆಲ್ಲೋದು ಎರಡು ಕಾರಣಕ್ಕೆ. ಮುಖ್ಯ ಚಾಸಿ ಬಾಗಿದ್ದರೆ ಒಂದು. ಬ್ಲಾಕ್ ಬಿರುಕು ಬಿಟ್ಟು ಜೊತೆಗೆ ಕ್ರ್ಯಾಂಕ್‌ಶಾಫ್ಟೂ ಹೋಗಿದ್ದರೆ ಇನ್ನೊಂದು. ಆಗ ಮಾಲೀಕರಿಗೆ ನೇರವಾಗಿ ಹೇಳಿಬಿಡುತ್ತೇನೆ, ಇದಕ್ಕೆ ಇನ್ನು ದುಡ್ಡು ಹಾಕಬೇಡಿ, ಅದೇ ದುಡ್ಡಲ್ಲಿ ಇನ್ನೊಂದು ಹಳೇ ಜಿಪಿ38-2 ಹುಡುಕೋಣ ಅಂತ. ಇದರ ಮೋಟಾರು, ಚಕ್ರ, ಏರ್ ಕಂಪ್ರೆಸರ್ ಅದಕ್ಕೆ ಹೋಗುತ್ತವೆ.