ಮಂಜುಗಡ್ಡೆಯ ಮೇಲೆ ಹಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೆಪ್ಪುಗಟ್ಟಿದ ನದಿ, ಸರೋವರಗಳ ಮೇಲೆ ಮೂರು ಉಕ್ಕಿನ ಅಲಗುಗಳಲ್ಲಿ ಜಾರುವ ಹಾಯಿದೋಣಿಯೇ ಐಸ್‌ಬೋಟ್. ಅದರ ಬಗ್ಗೆ ಕರಾವಳಿ ಮತ್ತು ಘಟ್ಟದ ಮೇಲಿನ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ ಐಸ್‌ಬೋಟ್ 60 ಕಿ.ಮೀ. ಓಡುತ್ತದೆ ಎಂದು ಓದಿದೆ. ಹಾಯಿ ಕಟ್ಟಿದ ನಮ್ಮ ಪಾತಿ ದೋಣಿ ಗಾಳಿಯಷ್ಟು ವೇಗವನ್ನೂ ಮುಟ್ಟುವುದಿಲ್ಲ. ಗಾಳಿಯನ್ನೇ ಹಿಂದೆ ಹಾಕುವುದು ಹೇಗೆ?
— ಬೇಲೇಕೇರಿ, ಅಂಕೋಲಾ

ಓದಿದ್ದು ನಿಜ. ಗಾಳಿ ಬೆನ್ನಿಗೆ ನಿಂತು ನೂಕುತ್ತದೆ ಎಂದುಕೊಂಡರೆ ಇದು ಬಿಡಿಸಲಾಗದ ಒಗಟು. ಐಸ್‌ಬೋಟ್ ವೇಗವಾಗಿ ಓಡುವುದು ಗಾಳಿಗೆ ಅಡ್ಡಲಾಗಿ. ಹಾಯಿ ಅದನ್ನು ಹೆಚ್ಚಾಗಿ ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಎಳೆಯುತ್ತದೆ. ಮಂಜುಗಡ್ಡೆಯನ್ನು ಕಚ್ಚಿ ಹಿಡಿದ ಅಲಗು ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಎರಡು ಬೆರಳ ನಡುವೆ ಒತ್ತಿದ ಒದ್ದೆ ಹಲಸಿನ ಬೇಳೆ ಚಿಮ್ಮುವ ಹಾಗೆ, ದೋಣಿಗೆ ಮುಂದೆ ಹೋಗುವುದೊಂದೇ ದಾರಿ. ಪಾತಿ ದೋಣಿಗೂ ಲೆಕ್ಕ ಇದೇ, ಆದರೆ ನೀರನ್ನು ಸೀಳುವುದರಲ್ಲೇ ಅದರ ಬಲ ತೀರಿಹೋಗುತ್ತದೆ. ಉಕ್ಕಿನ ಅಲಗಿಗೆ ಮಂಜುಗಡ್ಡೆಯ ಮೇಲೆ ತಡೆ ತೀರಾ ಕಡಿಮೆ.

ಓಡತೊಡಗಿದ ಮೇಲೆ ಹಾಯಿಗೆ ತಾಗುವುದು ಬೀಸುವ ಗಾಳಿಯಷ್ಟೇ ಅಲ್ಲ, ಓಟದಿಂದ ಹುಟ್ಟಿದ ಎದುರುಗಾಳಿಯೂ ಅದಕ್ಕೆ ಕೂಡುತ್ತದೆ. ಪಕ್ಕದಿಂದ 20 ಕಿ.ಮೀ. ಗಾಳಿ, ದೋಣಿಯ ವೇಗ 40 ಎಂದುಕೊಳ್ಳಿ. ಹಾಯಿಗೆ ಸಿಗುವುದು ಸುಮಾರು 45 ಕಿ.ಮೀ. ಗಾಳಿ, ಮೂತಿಯಿಂದ 27 ಡಿಗ್ರಿ ಓರೆಯಲ್ಲಿ. ವೇಗ 60ಕ್ಕೇರಿದರೆ 63 ಕಿ.ಮೀ. ಗಾಳಿ, ಓರೆ ಬರೀ 18 ಡಿಗ್ರಿ. ಗಾಳಿ ಬಲವಾಗುತ್ತ ಎದುರಿಗೆ ಹೊರಳುತ್ತದೆ. ಹಾಯಿಯ ಮುಂದೆಳೆತವೂ ಗಾಳಿಯ ತಡೆಯೂ ಸಮವಾದಲ್ಲಿ ವೇಗ ನಿಲ್ಲುತ್ತದೆ. ಒಳ್ಳೆಯ ಮಂಜುಗಡ್ಡೆಯ ಮೇಲೆ ಅದು ಗಾಳಿಯ ನಾಲ್ಕು ಪಟ್ಟಿನ ಆಸುಪಾಸು.

ಹಾಗಾಗಿ ನೀರಿನಲ್ಲಿ ಹಾಯಿ ನಡೆಸಿ ಪಳಗಿದವರೇ ಇಲ್ಲಿ ಮೊದಲು ತಪ್ಪುವುದು. ಗಾಳಿ ಬೀಸಿ ಹೋಗುವ ಕಡೆಗೇ ಸಾಗಬೇಕಾದಾಗ ಅವರು ಹಗ್ಗ ಸಡಿಲಿಸಿ ಹಾಯಿಯನ್ನು ಪೂರ್ತಿ ಹೊರಗೆ ಬಿಡುತ್ತಾರೆ. ಐಸ್‌ಬೋಟ್ ಆಗ ಸೊರಗಿ ನಿಧಾನವಾಗುತ್ತದೆ. ವೇಗ ಹಿಡಿದ ಮೇಲೆ ಹಾಯಿ ಯಾವ ದಿಕ್ಕಿನಲ್ಲೂ ಬಿಗಿಯಾಗಿಯೇ ಇರಬೇಕು, ಗಾಳಿಯ ದಿಕ್ಕಿಗೂ ಅಂಕುಡೊಂಕಾಗಿಯೇ ಇಳಿಯಬೇಕು.

ಮರಗೆಲಸ ಬಲ್ಲವರು ಮನೆಯಲ್ಲೇ ಮಾಡಬಹುದಾದ ಐಸ್‌ಬೋಟ್ ಇದೆಯೇ? ಅಳತೆ ಕೊಡಿ.
— ಶಿರಸಿ

ಇದೆ, ಡಿ.ಎನ್. ಎಂಬ ಮಾದರಿ. 1937ರಲ್ಲಿ ಅಮೆರಿಕದ ಡೆಟ್ರಾಯ್ಟ್ ನ್ಯೂಸ್ ಪತ್ರಿಕೆಯ ಹವ್ಯಾಸಿಗಳ ಕಾರ್ಯಾಗಾರದಲ್ಲಿ ರೂಪುಗೊಂಡಿತು, ಹೆಸರೂ ಆ ಪತ್ರಿಕೆಯದೇ. ಒಬ್ಬರು ಮಲಗಿದಂತೆ ಕೂರುವ 12 ಅಡಿ ಉದ್ದದ ಒಡಲು, ಅದರಡಿ 8 ಅಡಿಯ ಅಡ್ಡಹಲಗೆ, 16 ಅಡಿಯ ಹಾಯಿಕಂಬ, 60 ಚದರಡಿ ಹಾಯಿ. ಅಡ್ಡಹಲಗೆಯ ಎರಡು ತುದಿಗೆ ಒಂದೊಂದು ಅಲಗು. ಮೂರನೆಯದು ಮುಂದೆ, ದೋಣಿಯನ್ನು ತಿರುಗಿಸುವುದು ಅದೇ.

ಕೈಚಳಕವೆಲ್ಲ ಅಡ್ಡಹಲಗೆಯಲ್ಲಿದೆ. ನಡುವೆ ನಿಂತರೆ ಅದು ಒಂದೂವರೆಯಿಂದ ಎರಡು ಅಂಗುಲ ಬಾಗಬೇಕು, ಸವಾರನ ತೂಕ ನೋಡಿಯೇ ದಪ್ಪ ನಿರ್ಧರಿಸಬೇಕು. ಗಡುಸಾದರೆ ಸಣ್ಣ ಬಿರುಗಾಳಿಗೂ ಗಾಳಿಬದಿಯ ಅಲಗು ಫಕ್ಕನೆ ಮೇಲೇಳುತ್ತದೆ, ಮೆದುವಾದರೆ ಕಂಬ ಕಟ್ಟಿದ ತಂತಿಗಳು ಸಡಿಲಾಗುತ್ತವೆ. ಪಕ್ಕದ ಎರಡು ಅಲಗುಗಳು ಪರಸ್ಪರ ನೇರ ಸಮಾನಾಂತರವಾಗಿರಬೇಕು. ಮುಂದಿನ ತುದಿಗಳ ಅಂತರ, ಹಿಂದಿನ ತುದಿಗಳ ಅಂತರ ಎರಡನ್ನೂ ಹಲಗೆಯ ಮೇಲೆ ಭಾರವಿರುವಾಗಲೇ ಅಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅಲಗು ಜಾರುವ ಬದಲು ಮಂಜನ್ನು ಕೆರೆಯುತ್ತದೆ. ದೋಣಿ ಓಡುತ್ತಿಲ್ಲ ಎಂಬ ದೂರಿಗೆ ಹಾಯಿಗಿಂತ ಹೆಚ್ಚಾಗಿ ಇದೇ ಕಾರಣ. ಅಲಗಿನ ಅಂಚು ಸುಮಾರು 90 ಡಿಗ್ರಿ ಕೋನದ್ದು. ಕಲ್ಲು ತಾಗಿ ಒಂದು ಕಡೆ ಮೊಂಡಾದರೂ ದೋಣಿ ಪಕ್ಕಕ್ಕೆ ಜಾರುತ್ತದೆ.

ಅಮೆರಿಕದ ಹಡ್ಸನ್ ನದಿಗೂ ನಮ್ಮ ಕಾಳಿಯಂತೆ ಉಬ್ಬರ-ಇಳಿತ ಇದೆಯಂತೆ. ಆದರೂ ಅದು ಹೆಪ್ಪುಗಟ್ಟುವುದು ಹೇಗೆ?
— ಕೋಡಿಬಾಗ, ಕಾರವಾರ

ಉಬ್ಬರ-ಇಳಿತ ಅಳಿವೆಯಿಂದ ಸುಮಾರು 245 ಕಿ.ಮೀ. ಒಳಗೆ ಟ್ರಾಯ್ ಪಟ್ಟಣದ ತನಕ ಕಾಣುತ್ತದೆ. ಆದರೆ ಉಪ್ಪು ಅಷ್ಟು ದೂರ ಏರುವುದಿಲ್ಲ. ಐಸ್‌ಬೋಟಿಗೆ ಹೆಸರಾದ ಪಕೀಪ್ಸಿಯ ಸುತ್ತ ನೀರು ಬಹುಮಟ್ಟಿಗೆ ಸಿಹಿಯೇ, ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಸಮುದ್ರದ ನೀರಿಗೆ ಮೈನಸ್ 1.8 ಡಿಗ್ರಿ ಬೇಕು. ಉಬ್ಬರ ಬಂದಾಗ ಇಡೀ ಹಾಸು ಮೇಲೇಳುತ್ತದೆ, ಇಳಿತಕ್ಕೆ ಕೂರುತ್ತದೆ. ಅದಕ್ಕೇ ದಡದ ಉದ್ದಕ್ಕೂ ಬಿರುಕು. ಅದನ್ನು ದಾಟಲು ಹಲಗೆ ಹಾಕುತ್ತಾರೆ. ಬೆಳಿಗ್ಗೆ ದಾಟಿದ ಜಾಗ ಸಂಜೆ ಹಾಗೇ ಇರುತ್ತದೆಂದು ನಂಬುವಂತಿಲ್ಲ.

ಜಾನ್ ರೂಸ್‌ವೆಲ್ಟ್ ಅವರ 'ಐಸಿಕಲ್' ಎಂಬ ಐಸ್‌ಬೋಟ್ 1871ರಲ್ಲಿ ದಡದ ಹಳಿಯ ಮೇಲೆ ಓಡುತ್ತಿದ್ದ ಶಿಕಾಗೋ ಎಕ್ಸ್‌ಪ್ರೆಸ್ ರೈಲನ್ನು ಹಿಂದೆ ಹಾಕಿದ್ದು ಇದೇ ನದಿಯಲ್ಲಿ. ಅದರ ಉದ್ದ ಸುಮಾರು 69 ಅಡಿ, ಹಾಯಿ 1,070 ಚದರಡಿ! ಆ ಕಾಲದ ದೋಣಿಗಳಿಗೆ ಚುಕ್ಕಾಣಿಯ ಅಲಗು ಹಿಂದಿತ್ತು. ಜೋರುಗಾಳಿಗೆ ಹಿಂಭಾಗ ಹಗುರಾದರೆ ಹಿಡಿತ ತಪ್ಪಿ ದೋಣಿ ಗಿರ್ರನೆ ತಿರುಗಿ ಸವಾರರನ್ನು ಎಸೆಯುತ್ತಿತ್ತು. 1930ರ ದಶಕದಲ್ಲಿ ಚುಕ್ಕಾಣಿ ಮುಂದಕ್ಕೆ ಬಂತು. ಆದರೂ ಹಡ್ಸನ್ನಿನ ಹಳೆಯ ಮರದ ದೋಣಿಗಳನ್ನು ಅಲ್ಲಿಯವರು ದುರಸ್ತಿ ಮಾಡಿ ಇಂದಿಗೂ ಓಡಿಸುತ್ತಾರೆ. ಆ ಪರಂಪರೆ ಉಳಿದದ್ದು ದೊಡ್ಡ ಸಂಗತಿ ಎಂದೇ ನಮ್ಮ ಎಣಿಕೆ. ಈಗ ಹಡಗುಗಳಿಗಾಗಿ ನಡುನದಿಯ ಮಂಜನ್ನು ಒಡೆಯುವುದರಿಂದ ಓಟವೆಲ್ಲ ಆ ಕಾಲುವೆಯಾಚೆ, ದಡದ ಕೊಲ್ಲಿಗಳಲ್ಲಿ.

ಬ್ರೇಕ್ ಇಲ್ಲದೆ ನಿಲ್ಲಿಸುವುದು ಹೇಗೆ? ಮಂಜುಗಡ್ಡೆ ಒಡೆದರೆ?
— ಹೊನ್ನಾವರ

ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ಹಾಯಿಯ ಹಗ್ಗ ಬಿಡಬೇಕು. ಆ ಓಟ ತೀರಲು ಉದ್ದ ಜಾಗ ಬೇಕು, ಜನರಿರುವ ಕಡೆಗೆ ಬಂದು ನಿಲ್ಲಿಸುವ ಲೆಕ್ಕ ಹಾಕಲೇಬಾರದು.

ಒಡೆಯುವ ಪ್ರಶ್ನೆ ಹೊರಡುವ ಮುಂಚೆಯೇ ತೀರ್ಮಾನವಾಗಬೇಕು. ತಿಳಿಯಾದ ಕಪ್ಪು ಮಂಜುಗಡ್ಡೆ ಕನಿಷ್ಠ 4 ಅಂಗುಲ ಇರಬೇಕು. ಹಿಮ ಬೆರೆತ ಬಿಳಿ ಮಂಜುಗಡ್ಡೆಗೆ ಅದರ ಅರ್ಧ ಬಲವಷ್ಟೇ, ದಪ್ಪ ಎರಡು ಪಟ್ಟು ಬೇಕು. ಒಂದು ಕಡೆ ಕೊರೆದು ಅಳೆದರೆ ಸಾಲದು. ಸೇತುವೆಯ ಕಂಬದ ಬಳಿ, ಹಳ್ಳ ಸೇರುವಲ್ಲಿ, ಸೆಳೆತವಿರುವಲ್ಲಿ ಹಾಸು ಅಡಿಯಿಂದಲೇ ತೆಳುವಾಗಿರುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 17 ಮೀಟರ್, ಕಂಡ ಮೇಲೆ ತಪ್ಪಿಸಿಕೊಳ್ಳಲು ಹೊತ್ತಿಲ್ಲ. ಆದ್ದರಿಂದ ಮೊದಲು ಕಾಲ್ನಡಿಗೆಯಲ್ಲಿ ಇಡೀ ದಾರಿ ನೋಡಿ ಗುರುತು ನೆಡುತ್ತಾರೆ.

ಹೆಲ್ಮೆಟ್, ತೇಲುಜಾಕೆಟ್, ಹಗ್ಗ, ಕೊರಳಲ್ಲಿ ತೂಗುವ ಎರಡು ಮೊಳೆಹಿಡಿಗಳು ಕಡ್ಡಾಯ ಎಂದೇ ತಿಳಿಯಿರಿ. ಒಬ್ಬರೇ ಹೋಗಬಾರದು. ನೀರಿಗೆ ಬಿದ್ದವರು ಬಂದ ದಿಕ್ಕಿಗೇ ತಿರುಗಿ, ಮೊಣಕೈ ಅಂಚಿಗಿಟ್ಟು, ಕಾಲು ಬಡಿದು ಮೈಯನ್ನು ಅಡ್ಡ ಮಾಡಿ, ಮೊಳೆ ಚುಚ್ಚಿ ಎಳೆದುಕೊಳ್ಳಬೇಕು. ಮೇಲೆ ಬಂದ ಕೂಡಲೇ ಎದ್ದು ನಿಲ್ಲದೆ ಉರುಳಿಕೊಂಡು ದೂರ ಸರಿಯಬೇಕು.

ನಮ್ಮ ದೇಶದಲ್ಲಿ, ಅದಿರಲಿ ನಮ್ಮ ಕಡಲತಡಿಯಲ್ಲಿ, ಇದರ ರುಚಿ ಸಿಗುವುದೇ?
— ಕಾರವಾರ

ಲಡಾಖಿನ ಪಾಂಗಾಂಗ್ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಆದರೆ 4,200 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಯಿಯ ಬಲವೂ ಅಷ್ಟೇ ಕಡಿಮೆ. ನೀರಿನಲ್ಲಿ ಉಪ್ಪಿನಂಶವಿರುವುದರಿಂದ ಅದೇ ದಪ್ಪದ ಸಿಹಿನೀರ ಮಂಜಿನಷ್ಟು ಗಟ್ಟಿ ಎಂದು ನೆಚ್ಚಬಾರದು.

ಕಾರವಾರದಲ್ಲಿ ಅದೇ ತತ್ತ್ವದ ಮೂರು ಚಕ್ರದ ಹಾಯಿಗಾಡಿ ಸಾಧ್ಯ. ತೀರ ಪಶ್ಚಿಮಕ್ಕಿದೆ, ಫೆಬ್ರುವರಿಯಿಂದ ಮೇ ತನಕ ಮಧ್ಯಾಹ್ನದ ಮೇಲೆ ಕಡಲಗಾಳಿ ಅಡ್ಡಲಾಗಿ ಬರುತ್ತದೆ. ಉದ್ದಕ್ಕೂ ಹೋಗಿ ಬರಲು ಇದಕ್ಕಿಂತ ಒಳ್ಳೆಯ ಗಾಳಿ ಬೇಡ. ಬೆಳಗಿನ ಮೂಡುಗಾಳಿಯನ್ನು ಗಾಳಿಮರದ ತೋಪು ತಡೆದು ಚೂರುಚೂರು ಮಾಡುತ್ತದೆ, ಅದನ್ನು ನಂಬಬೇಡಿ. ಕಲಿಯುವವರಿಗೆ 3ರಿಂದ 4 ಚದರ ಮೀಟರ್ ಹಾಯಿ ಸಾಕು. ಚಕ್ರಕ್ಕೆ ತಳ್ಳುಗಾಡಿಯ ಟೈರ್ ಆದೀತು. ಇಳಿತದಲ್ಲಿ ತೆರೆದುಕೊಳ್ಳುವ ಗಟ್ಟಿ ಒದ್ದೆ ಮರಳಿನ ಮೇಲಷ್ಟೇ ಓಡಿಸಿ, ಒಣ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಕಡಲಾಮೆ ಮೊಟ್ಟೆಯಿಡುವ ಮೇಲ್ದಂಡೆಗೆ ಗಾಡಿ ಹತ್ತಿಸಬೇಡಿ. ಜನಸಂದಣಿಯ ತೀರದಲ್ಲಿ ಬೇಡವೇ ಬೇಡ, ಜಿಲ್ಲಾಡಳಿತದ ಅನುಮತಿಯನ್ನೂ ಮೊದಲೇ ಕೇಳಿ. ಓಟ ಮುಗಿದ ದಿನವೇ ಬೇರಿಂಗುಗಳನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಾಕಿ. ಮರುದಿನಕ್ಕೆ ಬಿಟ್ಟರೆ ಉಪ್ಪು ತುಕ್ಕು ಹಿಡಿಸುತ್ತದೆ.